ಗುಂಯ್ ಅಂತದೇನ್ರಿ?

ಆರಾಮಿದ್ದೀರೇನ್ರಿ ಅಂತ ನಾವು ಕೇಳಲ್ಲ.
ಕೈ ಗುಂಯ್ ಅಂತದೇನ್ರಿ, ಅಂತೀವಿ.
ಮುಂಜಾನಿ ಎದ್ದಕೂಡ್ಲೆ, ಹಲ್ಲು ತಿಕ್ಕೋದಕ್ಕಿಂತ ಮೊದಲು
ರಟ್ಟಿ ಕಿವಿಗಿ ಹಚ್ಕೊಂಡು ಕೇಳಬೇಕು:
ಡಾಕ್ಟರು ನರಕ್ಕ ನರ ಕೂಡಿಸಿ ಹೊಲಿದ ಜಾಗದಾಗ
ದೂರದ ಹಿಟ್ಟಿನ ಗಿರಣಿ ಹಂಗ
ರಕ್ತ ಓಡ್ಲಾಕತ್ತದ.
ಗಿರಣಿ ನಿಂತ್ರ ಕೆಲಸ ಕೆಟ್ಟಂಗ.

ಸೋಮವಾರ, ಗುರುವಾರ
ಸೈದಾಪುರದಾಗ ರೈಲು ಹತ್ತತೀನಿ, ಸಂಗಡ ಗಂಡ.
ಯಾದಗಿರಿಯೊಳಗ ಇಳಿದ್ರ
ಟಂಟಂ ಹಿಡಕೊಂಡು ನಿಂತಿರ್ತಾಳ ಜಹೇದಾಬಿ,
ಒಂದು ಕಾಲು ಒಳಗ, ಒಂದು ಕಾಲು ನೆಲದ ಮ್ಯಾಲ,
"ಇನ್ನೆರಡು ಸೀಟ್ ಬರೋದದ, ತಡಿಯೋ ಬೇಟಾ" ಅಂತ
ಡ್ರೈವರನ ಬೈಗುಳ ತಿನಕೋತ.

ದವಾಖಾನಿ ಬಾಗಿಲ್ದಾಗ ತೂಕದ ಮಷಿನ್.
ಹತ್ತಿ ನಿಂತ್ರ ಪಂಚರ ಮುಂದ ನಿಂತಂಗ.
ಎರಡೂವರೆ ಕಿಲೋ ಹೆಚ್ಚು, ಅಂದಳು ಸಿಸ್ಟರ್.
ಅಷ್ಟೂ ನೀರು. ಕದ್ದು ಕುಡಿದದ್ದು.
ದೇವಿಂದ್ರಪ್ಪಂದು ಮೂರು.
ಮೂವತ್ತು ವರ್ಷ ನಗರಸಭೆಯ ವಾಲ್‌ಮನ್,
ಓಣಿ ಓಣಿಗಿ ನೀರು ಬಿಟ್ಟ ಮನುಷ್ಯಗ
ಈಗ ದಿನಕ್ಕ ಮೂರು ಗ್ಲಾಸು.
"ಎಲ್ಲೋ ಲೀಕೇಜ್ ಅದ ತಂಗಿ" ಅಂತಾನ,
"ಸಿಗವಲ್ದು."

ಮೇ ತಿಂಗಳು. ಹೊರಗ ಬೆಟ್ಟದ ಬಂಡೆ ಕಾದು ಕೆಂಡ.
ಒಂದೊಂದು ಚೂರು ಬರ್ಫ ಬಾಯಾಗಿಟ್ಕೊಂಡು
ಯಾರದು ಕಡೀತನ ಉಳೀತದ ಅಂತ ಪಂದ್ಯ ಕಟ್ಟತೀವಿ.
ಜಹೇದಾಬಿ ಬಾಯಿ ಮುಚ್ಚೋದೇ ಇಲ್ಲ,
ಆದ್ರೂ ಆಕಿನೇ ಗೆಲ್ತಾಳ.

ಆಕಿ ಬಳಿಗಾರ್ತಿ.
ನಾದಿನಿ ಮಗಳ ಮದುವಿಯೊಳಗ
ನನ್ನ ಬೋಳು ಎಡಗೈ ನೋಡಿ
ಮುತ್ತೈದೇರ ಸಾಲಿನಿಂದ ಸರಿಸಿ ಕೂಡಿಸಿದ್ರು.
ಆ ಕೈಗಿ ಬಳಿ ಹಾಕಂಗಿಲ್ಲ, ಬಿ.ಪಿ. ನೋಡಂಗಿಲ್ಲ,
ಕೊಡ ಎತ್ತಂಗಿಲ್ಲ ಅಂತ
ಯಾರ್ಯಾರಿಗಿ ಹೇಳ್ಲಿ.
ಜಹೇದಾಬಿಗಿ ಹೇಳಿದೆ. ನಾಲ್ಕು ತಾಸೂ ಅತ್ತಿದ್ದೆ.
ಆಕಿ, ಎಂದೂ ಇಲ್ಲದ್ದು, ಸುಮ್ಮನಿದ್ದಳು.

ಗುರುವಾರ ಟಂಟಂದಾಗೇ ಗಂಟು ಬಿಚ್ಚಿ
ಎರಡು ಡಜನ್ ಹಸಿರು ಬಳಿ
ಎಲ್ಲಾ ಬಲಗೈಗೇ ಏರಿಸಿದಳು.
"ಎರಡು ಕೈ ಹಿಸಾಬು ಒಂದೇ ಕೈಗಿ.
ಈಗ ಕರಿ ನಿನ್ನ ನಾದಿನಿನ."
ಆಕಿಯ ಎಡಗೈ ಗಿರಣಿ ಹೋದ ವರ್ಷ ನಿಂತದ,
ಈಗ ಬಲಗೈಗಿ ಹೊಲಿದಾರ.
ಎರಡೂ ಕೈ ಬೋಳು ಇಟ್ಕೊಂಡು
ಊರಿಗೆಲ್ಲ ಬಳಿ ತೊಡಸ್ತಾಳ.

ಒಂದಿನ ಕರೆಂಟ್ ಹೋತು.
ಜನರೇಟರ್ ಕೆಮ್ಮಿ ಸುಮ್ಮನಾತು.
ನಾಲ್ಕೂ ಮಷಿನ್ ಒಮ್ಮೆಗೇ ಚೀರಿದವು.
ನಮ್ಮ ರಕ್ತ ನಮ್ಮ ಮೈ ಹೊರಗ
ನಳಿಗಿಯೊಳಗ ನಿಂತಲ್ಲೇ ನಿಂತದ.
ಕೈಲೆ ತಿರುವಬೇಕು, ಇಲ್ಲಂದ್ರ ಹೆಪ್ಪುಗಟ್ಟತದ.
ಸಿಸ್ಟರ್ ಒಬ್ಬಾಕಿ.
"ಹೊರಗಿದ್ದವ್ರು ಬರ್ರೀ!"

ಎರಡು ವರ್ಷದಾಗ ನನ್ನ ಗಂಡ
ಚಹಾದ ಅಂಗಡಿ ದಾಟಿ ಒಳಗ ಬಂದವನಲ್ಲ.
ಕೆಂಪು ನಳಿಗಿ ಕಂಡ್ರ ತಲಿ ತಿರಗತದ.
ಅವತ್ತು ಚಪ್ಪಲಿ ಸಮೇತ ಓಡಿ ಬಂದ.
ಬಾಗಿಲಿಗಿ ಹತ್ತಿದ ಮಂಚ ದೇವಿಂದ್ರಪ್ಪಂದು,
ಅದನ್ನೇ ಹಿಡಿದ. ಕಣ್ಣು ಮುಚ್ಕೊಂಡು ತಿರುವಿದ,
ಬೀಸೋ ಕಲ್ಲು ತಿರುವಿದಂಗ.
ನಂದು ಜಹೇದಾಬಿ ಅಳಿಯ ತಿರುವಿದ.
ಹನ್ನೊಂದು ನಿಮಿಷ.
ಯಾರ ರಕ್ತ ಯಾರ ಕೈಯಾಗಿತ್ತೋ.

ಲೈಟ್ ಬಂದಾಗ ಗಂಡನ ಅಂಗಿ ಬೆವತು ತೊಪ್ಪಿ.
ನನ್ನ ಬಿಟ್ಟು ಅವನದು ತಿರುವಿದನಲ್ಲ ಅಂತ
ಸಿಟ್ಟು ಬಂತು, ಸುಳ್ಳು ಹೇಳೋದ್ಯಾಕ.
ದೇವಿಂದ್ರಪ್ಪ ಮೆಲ್ಲಕ ಅಂದ:
"ತಂಗಿ, ಇವನ್ನ ನಗರಸಭೆಗಿ ಹಚ್ಚು."

ಈಗ ಒಳಗ ಬರ್ತಾನ.
ಮಂಚದ ತುದಿಗಿ ಕುಂತು ನೆಲ ನೋಡತಾನ.
ನಿನ್ನೆ ರಾತ್ರಿ, ನಾ ಮಲಗೀನಿ ಅಂತ ತಿಳಿದು,
ನನ್ನ ಎಡಗೈ ಸಾವಕಾಶ ಎತ್ತಿ
ಕಿವಿಗಿ ಹಚ್ಕೊಂಡ.
ಭಾಳ ಹೊತ್ತು.

ಬಲಗೈ ಬಳಿ ಸಪ್ಪಳ ಆದೀತಂತ
ನಾ ಅಲುಗಾಡ್ಲಿಲ್ಲ.